ಹದಿನೇಳು ಮನೆಗಳು ಗೆದ್ದ ಬಾವಿ

ಹಿನ್ನೀರಿನ ಎಣಿಕೆ ೩೦೮, ಎರಡನೆಯ ಗಾಳಿತಿಂಗಳ ಹದಿನಾಲ್ಕನೆಯ ದಿನ
ತೇಲುಕೇರಿ, ಘಟಪ್ರಭೆಯ ಹಿನ್ನೀರು

ಕಾರು ಬಹುಮಾನ ಬಂದಿದೆ ಎಂದು ಹೇಳುವ ಕಾಗದದ ಹಿಂಬದಿಯಲ್ಲಿ ಮಗಳಿಗೆ ನಾಲ್ಕು ಮಾತು ಬರೆದಿಟ್ಟ ತಾಯಿಯವರಿಗೆ, ಓಲೆಗಾರ್ತಿ ಹಂಪವ್ವ ಮಾಡುವ ಶರಣು.

ಮೇಲಿನ ತಾರೀಖು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ. ನೀರು ಏರಿ ನಿಂತ ವರ್ಷವನ್ನು ನಾವು ಒಂದು ಎಂದು ಹಿಡಿದು ಎಣಿಸುತ್ತೇವೆ. ನಿಮ್ಮ ಲೆಕ್ಕದಲ್ಲಿ ಇದು ಎಷ್ಟನೆಯ ಇಸವಿ ಎಂದು ಕೇಳಿದರೆ ನಮ್ಮ ಮೂವರು ಹಿರಿಯರು ಮೂರು ಉತ್ತರ ಕೊಡುತ್ತಾರೆ. ನನ್ನ ಮಾತೂ ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಬಹುದು. ನಿಮ್ಮ ಕಾಲದ ಬರವಣಿಗೆಯನ್ನು ನಾನು ಕಲಿತದ್ದು ನೀರಿನಲ್ಲಿ ನೆನೆದು ಒಣಗಿದ ಹಾಳೆಗಳಿಂದ. ಎಲ್ಲಿ ಅಕ್ಷರ ಅಳಿಸಿ ಹೋಗಿತ್ತೋ ಅಲ್ಲಿ ನನ್ನ ಭಾಷೆಯಲ್ಲೂ ತೂತು ಉಳಿದಿದೆ. ಕ್ಷಮಿಸಬೇಕು. ಹೆಸರು ತಿಳಿಯದೆ ಬರೆಯುತ್ತಿರುವುದಕ್ಕೂ ಕ್ಷಮಿಸಬೇಕು. ಮಗಳ ಹೆಸರು ಸುನಂದಾ ಎಂದು ಗೊತ್ತು. ನಿಮ್ಮದನ್ನು ಮಾತ್ರ ನೀವು ‘ನಿನ್ನ ಅವ್ವ’ ಎಂದಷ್ಟೇ ಬರೆದು ಬಿಟ್ಟಿದ್ದೀರಿ.

ನಮ್ಮಲ್ಲಿ ಓಲೆ ಮುಟ್ಟಿಸುವ ಕೆಲಸಕ್ಕೆ ಸೇರಿ ಇಪ್ಪತ್ತು ವರ್ಷ ತುಂಬಿದವರು, ಉತ್ತರ ಬರೆಯಲಾಗದ ಒಬ್ಬರಿಗೆ ಒಂದು ಓಲೆ ಬರೆಯುವ ಪದ್ಧತಿಯಿದೆ. ಹೆಚ್ಚಿನವರು ತೀರಿಕೊಂಡ ತಂದೆಗೋ ಕಲಿಸಿದ ಗುರುವಿಗೋ ಬರೆಯುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ. ನೀವು ಯಾವತ್ತೋ ಅಡುಗೆಮನೆಯಲ್ಲಿ ಕೂತು ಬರೆದ ಹತ್ತು ಸಾಲು ನಮ್ಮ ಕೇರಿಗೆ ಏನು ಮಾಡಿತೆಂದು ನಿಮಗೆ ತಿಳಿಯಬೇಕು.

ಮೊದಲು ನಮ್ಮ ಊರಿನ ವಿಷಯ. ತೇಲುಕೇರಿ ಎಂದರೆ ಒಂದಕ್ಕೊಂದು ಹಗ್ಗದಿಂದ ಬಿಗಿದ ನೂರಾ ಹತ್ತು ಮನೆಗಳು. ಒಂದೊಂದು ಮನೆಯೂ ಒಂದೊಂದು ತೆಪ್ಪದ ಮೇಲಿದೆ. ಮನೆಗಳ ಹಿಂದೆ ತೇಲುಹೊಲಗಳು: ಆಪು ಎಂಬ ನೀರುಹುಲ್ಲಿನ ದಂಟನ್ನು ಹಾಸಿನ ಹಾಗೆ ಹೆಣೆದು, ಮೇಲೆ ಗೇಣುದ್ದ ಮಣ್ಣು ಹರಡಿರುತ್ತೇವೆ. ಅಲ್ಲಿ ಜೋಳ, ಅಲಸಂದಿ, ಮೆಣಸಿನಕಾಯಿ ಬೆಳೆಯುತ್ತವೆ. ಮಣ್ಣು ತೆಳುವಾದ್ದರಿಂದ ಜೋಳ ಸೊಂಟದೆತ್ತರಕ್ಕಿಂತ ಮೇಲೆ ಹೋಗುವುದಿಲ್ಲ. ಮಕ್ಕಳು ನಡೆಯುವ ಮುಂಚೆ ಈಜು ಕಲಿಯುತ್ತಾರೆ. ಬೆಳಗ್ಗೆ ರೊಟ್ಟಿ ತಟ್ಟುವ ಸದ್ದು ನೀರಿನ ಮೇಲೆ ಬಹಳ ದೂರ ಹೋಗುತ್ತದೆ. ಮಂಜು ಕವಿದ ದಿನ ಆ ಸದ್ದು ಹಿಡಿದೇ ನಾನು ದೋಣಿಯನ್ನು ಕೇರಿಯ ಕಡೆ ತಿರುಗಿಸುತ್ತೇನೆ. ಗಟ್ಟಿ ನೆಲಕ್ಕೆ ಹೋಗುವುದು ನಮಗೆ ಅಪರೂಪ. ಹೋದಾಗ ಮೊದಲ ಒಂದು ತಾಸು ತಲೆ ತಿರುಗುತ್ತದೆ, ಕಾಲು ಭಾರವಾಗುತ್ತದೆ. ಅದನ್ನು ನಾವು ನೆಲತೂಕ ಎನ್ನುತ್ತೇವೆ.

ನಿಮ್ಮ ಕಾಲದ ನಂತರ ಒಂದು ಮೌನಗಾಲ ಬಂತು. ಬರೆದದ್ದು, ಆಡಿದ್ದು, ಚಿತ್ರದಲ್ಲಿ ಕಂಡದ್ದು ಯಾವುದನ್ನೂ ನಂಬಲಾಗದ ಸ್ಥಿತಿ ಬಂದು, ಮಗನ ದನಿಯಲ್ಲೇ ಯಾರೋ ಕರೆದು ತಾಯಂದಿರನ್ನು ಮೋಸಗೊಳಿಸಿ, ಕೊನೆಗೆ ಜನ ಎದುರಿಗೆ ನಿಂತು ಆಡಿದ ಮಾತನ್ನು ಬಿಟ್ಟು ಬೇರೆ ಎಲ್ಲವನ್ನೂ ಕೈಬಿಟ್ಟರಂತೆ. ನೂರ ನಲವತ್ತು ವರ್ಷ ಒಂದು ಕೇರಿಯಿಂದ ಇನ್ನೊಂದು ಕೇರಿಗೆ ಒಂದು ಸಾಲೂ ಹೋಗಲಿಲ್ಲ. ಓಲೆ ಮತ್ತೆ ಶುರುವಾದದ್ದು ಅರವತ್ತು ವರ್ಷದ ಹಿಂದೆ. ನನ್ನ ಅಜ್ಜಿ ಮೊದಲ ಓಲೆಗಾರ್ತಿಯರಲ್ಲಿ ಒಬ್ಬಳು. ದೋಣಿಯಲ್ಲಿ ಕೈಯಿಂದ ಕೈಗೆ ಕಾಗದ ಮುಟ್ಟಿಸುವುದು, ‘ಕೊಟ್ಟದ್ದನ್ನು ಕೊಟ್ಟ ಹಾಗೆ ಮುಟ್ಟಿಸುತ್ತೇನೆ, ಒಳಗೇನಿದೆ ಎಂದು ಕೇಳುವುದಿಲ್ಲ’ ಎಂದು ನೀರು ಮುಟ್ಟಿ ಆಣೆ ಇಡುವುದು, ಇದು ನಮ್ಮ ಕೆಲಸ. ಅರವತ್ತು ವರ್ಷದಲ್ಲಿ ಒಂದೇ ಒಂದು ಸುಳ್ಳು ಓಲೆ ಬಂದಿರಲಿಲ್ಲ. ಅಂಥದ್ದಕ್ಕೆ ನಮ್ಮಲ್ಲಿ ಒಂದು ಹೆಸರೂ ಇರಲಿಲ್ಲ.

ಹೀಗಿರುವಾಗ, ಎರಡು ವರ್ಷದ ಹಿಂದೆ, ಯಮನಪ್ಪ ಕಾಕಾನಿಗೆ ಒಂದು ಓಲೆ ಬಂತು.

ಯಮನಪ್ಪ ಕಾಕಾ ನಮ್ಮ ಕೇರಿಯಲ್ಲಿ ದೋಣಿ ರಿಪೇರಿ ಮಾಡುವವನು. ವಯಸ್ಸು ಅರವತ್ತಾರು. ಹೆಂಡತಿ ಇಲ್ಲ. ಒಬ್ಬಳೇ ಮಗಳು ಕಲ್ಲವ್ವ, ಮೂರು ದಿನದ ದಾರಿಯ ಇನ್ನೊಂದು ಕೇರಿಗೆ ಮದುವೆಯಾಗಿ ಹೋಗಿದ್ದಾಳೆ. ನನ್ನ ದೋಣಿಯ ಒಂದೊಂದು ಹಲಗೆಯನ್ನೂ ಅವನೇ ಕೂರಿಸಿದ್ದು. ಅವನ ಮನೆಯಲ್ಲಿ ಗುಂಡುತೆನೆ ಜೋಳದ ಬೀಜವಿತ್ತು. ತೆಳು ಮಣ್ಣಿನಲ್ಲೂ ತೆನೆ ಮುಷ್ಟಿಯಷ್ಟು ದಪ್ಪ ಬರುವ ಜೋಳ ಅದು, ಅವನ ತಾಯಿಯ ತಾಯಿಯ ಕಡೆಯಿಂದ ಬಂದದ್ದು. ಪ್ರತಿ ಮನೆಯಲ್ಲೂ ಬಿತ್ತುವ ಬೀಜವನ್ನು ಬಿಟ್ಟು ಒಂದು ಸೋರೆಬುರುಡೆ ತುಂಬ ತಾಯಿಬೀಜ ಇರುತ್ತದೆ. ಬೆಳೆ ಪೂರ್ತಿ ಹೋದರೂ ಮತ್ತೆ ಮೊದಲಿನಿಂದ ಶುರುಮಾಡಲು ಅದು. ಹುಳ ಬೀಳದಂತೆ ಒಲೆಯ ಮೇಲೆ, ಹೊಗೆಯಲ್ಲಿ ತೂಗುಹಾಕಿರುತ್ತೇವೆ. ಊಟಕ್ಕಿಲ್ಲದ ವರ್ಷವೂ ಅದನ್ನು ಯಾರೂ ಮುಟ್ಟುವುದಿಲ್ಲ.

ಕಾಕಾ ಜೀವಮಾನದಲ್ಲಿ ಹನ್ನೊಂದು ಸಲ ಗಟ್ಟಿ ನೆಲ ತುಳಿದಿದ್ದ. ಹನ್ನೊಂದೂ ಅವನಿಗೆ ನೆನಪಿತ್ತು. ಯಾವ ಗುಡ್ಡ, ಯಾವ ತಿಂಗಳು, ಮಣ್ಣು ಬಿಸಿಯಿತ್ತೋ ತಂಪಿತ್ತೋ, ಎಲ್ಲ ಹೇಳುತ್ತಿದ್ದ. ಗುಂಡುತೆನೆಯನ್ನು ಆಳವಾದ ಮಣ್ಣಿನಲ್ಲಿ ಬಿತ್ತಿದರೆ ಆಳೆತ್ತರ ಬೆಳೆಯುತ್ತದೆ ಎಂದು ಅವನ ಅಜ್ಜಿ ಹೇಳಿದ್ದಳಂತೆ. ಅದನ್ನೊಮ್ಮೆ ನೋಡಬೇಕೆಂಬುದು ಅವನ ಆಸೆ. ಕೇರಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಆಸೆ.

ಓಲೆಯನ್ನು ತನ್ನ ತೆಪ್ಪದ ಅಂಚಿನಲ್ಲಿ ನಿಂತೇ ಒಡೆದು ಓದಿದ. ಓದಿ ಎರಡು ಸಲ ನನ್ನ ಮುಖ ನೋಡಿದ.

“ಹಂಪವ್ವ, ಇದು ಖರೇನ ನನಗ ಬಂದೈತೇನು?”

“ಮ್ಯಾಲ ನಿಮ್ಮ ಹೆಸರ ಐತಿ ಕಾಕಾ. ನನ್ನ ಕೈಲೆ ಬಂದೈತಿ.”

“ನಿನ್ನ ಕೈಲೆ ಬಂದೈತಿ ಅಂದ್ರ ಮುಗೀತ ಬಿಡು,” ಎಂದ.

ಆ ಮಾತು ನನಗೆ ಹೆಮ್ಮೆ ತಂದಿತ್ತು. ಅದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ.

ಆ ಓಲೆಯಲ್ಲಿ ಇದ್ದದ್ದು ಇಷ್ಟು, ನನಗೆ ಆಮೇಲೆ ತಿಳಿದದ್ದು: ‘ಶುಭ ಸಮಾಚಾರ. ಸಾವಿರ ಹೆಸರುಗಳ ಚೀಟಿ ಎತ್ತಿದಾಗ ತಮ್ಮ ಹೆಸರೊಂದೇ ಬಂದಿದೆ. ಕೆಂಪುಗುಡ್ಡದ ತೆಂಕಣ ದಿಕ್ಕಿಗೆ ಅರವತ್ತು ಹೆಜ್ಜೆ ಉದ್ದ, ನಲವತ್ತು ಹೆಜ್ಜೆ ಅಗಲದ ಒಣನೆಲ, ಅದರಲ್ಲಿ ಕಲ್ಲು ಕಟ್ಟಿದ ಒಂದು ಬಾವಿ, ಇನ್ನು ಮೇಲೆ ತಮ್ಮದು. ದಾಖಲೆಗಾಗಿ ಮನೆಯ ಬೀಜ ಒಂದು ಸೇರು ಏಳು ದಿನದೊಳಗೆ ಕಳಿಸತಕ್ಕದ್ದು. ತಡವಾದರೆ ನೆಲ ಬೇರೆಯವರಿಗೆ ಹೋಗುತ್ತದೆ. ಕೆಟ್ಟ ಕಣ್ಣು ಬೀಳದಂತೆ ಸದ್ಯಕ್ಕೆ ಯಾರಿಗೂ ಹೇಳಬಾರದು.’ ಕೆಳಗೆ ಒಣನೆಲ ಮಂಡಳಿ ಎಂಬ ಮುದ್ರೆ, ಒಂದು ಸಹಿ.

ಅಂಥ ಮಂಡಳಿಯ ಹೆಸರನ್ನು ಕಾಕಾ ಮುಂಚೆ ಕೇಳಿರಲಿಲ್ಲ. ಯಾವ ಚೀಟಿಗೂ ಅವನು ಹೆಸರು ಕೊಟ್ಟಿರಲಿಲ್ಲ. ಆದರೆ ಕಾಗದ ಬಂದಿತ್ತಲ್ಲ. ನನ್ನ ಕೈಯಿಂದ.

ನಾಲ್ಕನೆಯ ದಿನ ಅವನು ಬಾಯಿ ಹೊಲಿದ ಚೀಲವೊಂದನ್ನು ನನ್ನ ಕೈಗಿಟ್ಟ. ನಾನು ಕೇಳಲಿಲ್ಲ, ಮುಂದಿನ ಘಟ್ಟದ ಓಲೆಗಾರನಿಗೆ ದಾಟಿಸಿದೆ. ಅರ್ಧ ತಿಂಗಳಿಗೆ ಇನ್ನೊಂದು ಓಲೆ: ನೆಲ ಅಳೆಯುವವರಿಗಾಗಿ ಎರಡು ಸೇರು. ಅದೂ ಹೋಯಿತು. ಆಮೇಲೆ ಮೂರನೆಯದು: ಮೊದಲ ಸಾಲನ್ನು ಮಂಡಳಿಯವರೇ ಬಿತ್ತಬೇಕೆಂಬ ನಿಯಮವಿದೆ, ಅದಕ್ಕೆ ತಾಯಿಬೀಜವೇ ಆಗಬೇಕು. ಕಾಕಾ ಈ ಸಲ ಎರಡು ದಿನ ಮನೆಯಿಂದ ಹೊರಗೆ ಬರಲಿಲ್ಲವೆಂದು ಪಕ್ಕದವರು ಹೇಳಿದರು. ಮೂರನೆಯ ದಿನ ಬೆಳಗ್ಗೆ ಚೀಲ ಕೊಟ್ಟ. ಅದರಿಂದ ಹೊಗೆಯ ವಾಸನೆ ಬರುತ್ತಿತ್ತು. ಒಲೆಯ ಮೇಲೆ ವರ್ಷಗಟ್ಟಲೆ ತೂಗಿದ್ದರ ವಾಸನೆ. ಅದೇನೆಂದು ನನಗೆ ತಿಳಿಯಿತು. ತಿಳಿದೂ ಒಯ್ದೆ. ಆಣೆಯಿತ್ತು.

ಅದೇ ವಾರ ಚಾಪೆ ಹೆಣೆಯುವ ದ್ಯಾಮಕ್ಕ ನನ್ನನ್ನು ಹಿತ್ತಿಲ ಕಡೆ ಕರೆದು ಒಂದು ಚೀಲ ಕೊಟ್ಟಳು. ಅವಳು ಯಾರಿಗೂ ಹೆದರಿ ಮಾತಾಡಿದವಳಲ್ಲ. ಅವತ್ತು ಪಿಸುಗುಟ್ಟಿದಳು.

“ತಂಗಿ, ಇದನ್ನ ಸುಮ್ಮನ ಮುಟ್ಟಿಸಿಬಿಡು. ಯಾರಿಗೂ ಹೇಳಬ್ಯಾಡ.”

ಚೀಲದ ಮೇಲೆ ಕಾಕಾನ ಚೀಲಗಳ ಮೇಲಿದ್ದ ಹಾಗೆಯೇ ಒಣನೆಲ ಮಂಡಳಿ, ಕೆಂಪುಗುಡ್ಡ ಎಂದಿತ್ತು.

ಆ ಎರಡು ಶಬ್ದ, ‘ಯಾರಿಗೂ ಹೇಳಬ್ಯಾಡ’, ನನ್ನ ಕೈಗೆ ಪರಿಚಯವಿದ್ದವು. ಕಿವಿಗಲ್ಲ, ಕೈಗೆ. ಸಾವಿರ ಸಲ ಅವನ್ನು ನಾನು ಬರೆದಿದ್ದೆ. ಅದು ಹೇಗೆಂದರೆ, ನನ್ನ ತಾಯಿಯ ಕಾಲದಲ್ಲಿ ಒಂದು ವರ್ಷ ನೀರು ತುಂಬ ಇಳಿದು, ನಮ್ಮ ಕೆಳಗೆ ಮುಳುಗಿರುವ ಊರಿನ ಗೋಡೆಗಳು ಕಾಣಿಸಿಕೊಂಡವು. ಒಂದು ಮನೆಯ ಗೂಡಿನಲ್ಲಿ ಮೇಣ ಹಚ್ಚಿ ಮುಚ್ಚಿದ ಡಬ್ಬಿ ಸಿಕ್ಕಿತು. ಒಳಗೆ ನಿಮ್ಮ ಕಾಗದವಿತ್ತು. ಎದುರುಬದಿಯಲ್ಲಿ ಬಣ್ಣದ ಚಿತ್ರ, ‘ಅಭಿನಂದನೆಗಳು, ನೀವು ಕಾರು ಗೆದ್ದಿದ್ದೀರಿ’ ಎಂಬ ಅಚ್ಚು. ಹಿಂಬದಿಯಲ್ಲಿ ನಿಮ್ಮ ಕೈಬರಹ. ಅಕ್ಷರ ದುಂಡಗಿದ್ದುದರಿಂದ ಓಲೆಮನೆಯವರು ಅದಕ್ಕೆ ಗಾಜು ಹಾಕಿಸಿ ಗೋಡೆಗೆ ಹಾಕಿದರು. ಹೊಸದಾಗಿ ಸೇರಿದವರೆಲ್ಲ ಅದನ್ನು ನೋಡಿ ಅಕ್ಷರ ತಿದ್ದುತ್ತೇವೆ. ಏನು ಬರೆದಿದೆ ಎಂದು ಯಾರೂ ಯೋಚಿಸಿರಲಿಲ್ಲ. ಕಾರು ಎಂದರೇನೆಂದು ನಮಗೆ ಗೊತ್ತಿಲ್ಲ. ಯಾವುದೋ ಹಳೆಯ ಕಾಲದ ಪ್ರಾರ್ಥನೆಯೆಂದು ನಾನು ತಿಳಿದಿದ್ದೆ.

ಅವತ್ತು ನೇರವಾಗಿ ಓಲೆಮನೆಗೆ ಹೋಗಿ, ಆ ಗಾಜಿನ ಮುಂದೆ ನಿಂತು, ಹದಿನೆಂಟು ವರ್ಷದಲ್ಲಿ ಮೊದಲ ಸಲ ಅದನ್ನು ಓದಿದೆ. ನೀವು ಬರೆದದ್ದನ್ನು ನಿಮಗೇ ಬರೆದು ತೋರಿಸುತ್ತಿದ್ದೇನೆ:

‘ಸುನಂದಾ, ಇದನ್ನ ಹರದು ಒಗೀಬ್ಯಾಡ, ಇಟಗೊ. ನಾವು ಯಾವ ಚೀಟೀನೂ ತಗೊಂಡಿಲ್ಲ. ತಗೊಳ್ಳಲಾರದ ಚೀಟಿಗೆ ಬಹುಮಾನ ಹ್ಯಾಂಗ ಬರತೈತಿ? ಕೊಡಾವ್ರು ಆದ್ರ ಕೊಡ್ತಾರ, ಮೊದಲ ನೀ ಕೊಡು ಅನ್ನಂಗಿಲ್ಲ. ಲಗೂ ಮಾಡು ಅಂತ ಬರದಾರ. ಯಾಕಂದ್ರ ವಿಚಾರ ಮಾಡಾಕ ಕುಂತ್ರ ತಿಳೀತೈತಿ. ಎದರಮನಿ ಸಾವಂತ್ರವ್ವಗೂ ಇಂಥದ ಬಂದೈತಿ. ಎರಡೂ ಒಂದರ ಮ್ಯಾಲೊಂದ ಇಟ್ಟು ಬೆಳಕಿಗೆ ಹಿಡದೆ. ಸಹಿ ಕೂದಲೆಳಿಯಷ್ಟೂ ಆಕಡೆ ಈಕಡೆ ಇಲ್ಲ. ಮನಷ್ಯಾನ ಕೈ ಎರಡ ಸಲ ಒಂದ ನಮೂನಿ ಸಹಿ ಮಾಡಂಗಿಲ್ಲ, ಅದು ಅಚ್ಚು. ಯಾರಿಗೂ ಹೇಳಬ್ಯಾಡ ಅಂತ ಬರದಾರಲ್ಲ, ಅದಕ್ಕ ನಾ ಓಣಿ ತುಂಬ ಹೇಳಾಕ ಹೊಂಟೇನಿ. ಒಲಿ ಮ್ಯಾಲ ಅನ್ನ ಐತಿ, ನೋಡಕೊ. ನಿನ್ನ ಅವ್ವ.’

ತಾಯೇ, ನನಗೆ ನೆಲತೂಕ ಬಂದ ಹಾಗಾಯಿತು. ಯಾವುದೋ ಕಾಲದ ಒಬ್ಬ ಹೆಂಗಸು, ಒಲೆಯ ಮೇಲೆ ಅನ್ನ ಇಟ್ಟು, ನನ್ನ ಕೇರಿಯಲ್ಲಿ ಈ ವಾರ ನಡೆಯುತ್ತಿರುವುದನ್ನು ಕಣ್ಣಾರೆ ಕಂಡವಳಂತೆ ಬರೆದಿದ್ದಳು. ನೀರಿಗಿಂತ ಹಳೆಯ ಕಾಗದ ಅದು. ನನ್ನ ಕೈ ಅದನ್ನು ಸಾವಿರ ಸಲ ತಿದ್ದಿತ್ತು, ತಲೆ ಒಮ್ಮೆಯೂ ಮುಟ್ಟಿರಲಿಲ್ಲ.

ದ್ಯಾಮಕ್ಕನ ಬಳಿಗೆ ವಾಪಸು ಹೋಗಿ ಆಣೆ ಮುರಿದೆ. ಒಳಗೇನಿದೆ ಎಂದು ಕೇಳಿದೆ. ಅವಳು ಬೈದಳು, ಆಮೇಲೆ ನನ್ನ ಮುಖ ನೋಡಿ ಹೆದರಿದಳು, ಓಲೆ ತಂದು ಕೊಟ್ಟಳು. ಅದನ್ನು ಹಿಡಿದು ಕಾಕಾನ ತೆಪ್ಪಕ್ಕೆ ಹೋದೆ. ಅವನು ಸನಿಕೆ, ಗುದ್ದಲಿ, ಎರಡು ಧೋತರ ಕಟ್ಟಿ ಹೊರಡಲು ತಯಾರಾಗಿ ಕೂತಿದ್ದ. ಗುದ್ದಲಿ ಹೊಸದು. ತೇಲುಹೊಲದಲ್ಲಿ ಗುದ್ದಲಿಗೆ ಕೆಲಸವೇ ಇಲ್ಲ.

ಅವನ ಓಲೆಯನ್ನೂ ದ್ಯಾಮಕ್ಕನ ಓಲೆಯನ್ನೂ ಜೋಡಿಸಿ ಬಿಸಿಲಿಗೆ ಹಿಡಿದೆ. ಎರಡು ಸಹಿ ಒಂದೇ ಆದವು. ಬಾಲದ ಹತ್ತಿರ ಶಾಯಿ ಒಡೆದ ಜಾಗವೂ ಒಂದರ ಮೇಲೊಂದು ಕೂತಿತು.

ಕಾಕಾ ಬಹಳ ಹೊತ್ತು ನೋಡಿದ. “ಒಬ್ಬನ ಕೈ ಅಲ್ಲೇನು? ಒಂದ ನಮೂನಿ ಇರತೈತಿ,” ಎಂದ.

“ನಿಮ್ಮ ಸಹಿ ಎರಡ ಸಲ ಮಾಡ್ರಿ ಕಾಕಾ, ನೋಡೂಣು.”

“ನಾ ದೋಣಿ ಬಡಿಯಾವ. ಅವ್ರು ದೊಡ್ಡ ಮಂದಿ.” ಅವನ ದನಿ ಏರಿತು. “ನನ್ನ ಹೆಸರ ಬಂದದ್ದಕ್ಕ ನಿನಗ ಹೊಟ್ಟಿಕಿಚ್ಚೇನು ಹಂಪವ್ವ? ಬಾವಿ ಐತೊ ಇಲ್ಲೊ, ಹೋಗಿ ನೋಡಿದ್ರ ತೀರತು. ನಡಿ.”

ಕೆಂಪುಗುಡ್ಡಕ್ಕೆ ಎರಡು ದಿನದ ದಾರಿ. ಹಾಯಿ ಕಟ್ಟಿ ಹೊರಟೆವು. ದಾರಿಯುದ್ದಕ್ಕೂ ಅವನು ಬಾವಿಯ ಮಾತೇ ಆಡಿದ. ಮೊದಲ ವರ್ಷ ಅರ್ಧಕ್ಕೆ ಮಾತ್ರ ಬಿತ್ತುತ್ತೇನೆ, ಮಣ್ಣಿನ ಗುಣ ನೋಡಬೇಕಲ್ಲ ಎಂದ. ಕಲ್ಲವ್ವನನ್ನೂ ಅಳಿಯನನ್ನೂ ಕರೆಸಿಕೊಳ್ಳುತ್ತೇನೆ ಎಂದ. ನಾನು ಹುಟ್ಟು ಹಾಕುತ್ತಿದ್ದೆ. ನನ್ನ ಅನುಮಾನ ಸುಳ್ಳಾಗಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಗುಡ್ಡವಿತ್ತು. ತೆಂಕಣ ದಿಕ್ಕಿನಲ್ಲಿ ನೆಲವಿತ್ತು, ಅರವತ್ತು ನಲವತ್ತು ಹೆಜ್ಜೆಗಿಂತ ಬಹಳ ದೊಡ್ಡದು. ಅದರ ನಡುವೆ ಕಲ್ಲು ಕಟ್ಟಿದ ಬಾವಿಯೂ ಇತ್ತು. ಅದನ್ನು ನೋಡಿ ಕಾಕಾ ನನ್ನ ಕಡೆ ತಿರುಗಿದ. ಅವನ ಮುಖದಲ್ಲಿ ನನ್ನ ಮೇಲೆ ಸಿಟ್ಟಿರಲಿಲ್ಲ, ಸುಮ್ಮನೆ ಸಂತೋಷವಿತ್ತು. ಬರಿಗಾಲಲ್ಲಿ ಓಡುತ್ತ ಹೋದ. ನೆಲತೂಕಕ್ಕೆ ಎರಡು ಸಲ ಬಿದ್ದ, ಎದ್ದ. ಹೋಗಿ ಬಾವಿಯ ಕಟ್ಟೆಯನ್ನು ಎರಡೂ ಕೈಯಿಂದ ತಬ್ಬಿಕೊಂಡ.

ಬಾವಿಯ ಆ ಬದಿಯಲ್ಲಿ ಒಬ್ಬ ಮುದುಕಿ ಆಡು ಮೇಯಿಸುತ್ತ ಕೂತಿದ್ದಳು.

“ನೀವೂ ಬಾವಿಯವ್ರೇನು?” ಎಂದು ಕೇಳಿದಳು.

ಕಾಕಾ ಕಟ್ಟೆಯಿಂದ ಕೈ ತೆಗೆದ. “ಬಾವಿಯವ್ರಂದ್ರ?”

“ಈ ತಿಂಗಳದಾಗ ನೀವು ಐದನೇದವ್ರು. ಬರತಾರ, ಬಾವಿ ಸುತ್ತ ತಿರಗತಾರ, ಕಟ್ಟಿ ಮುಟ್ಟಿ ನೋಡತಾರ. ಏನ್ರೀ ಅಂದ್ರ, ದಾರಿ ತಪ್ಪಿ ಬಂದೇವಿ ಅಂತಾರ. ಒಬ್ಬಾಕಿ ಅಂತೂ ಅಳಕೋತ ಹೋದ್ಲು.”

“ಬಾವಿ ಯಾರದು?” ನಾನು ಕೇಳಿದೆ.

“ಯಾರದೂ ಅಲ್ಲ. ನನ್ನ ಆಡು ನೀರ ಕುಡೀತಾವ.”

ಮಂಡಳಿಯ ಮನೆ ಎಲ್ಲಿ ಎಂದು ಕೇಳಿದ್ದಕ್ಕೆ ಅವಳು ದಡದ ಕಡೆ ಕೈ ತೋರಿಸಿದಳು. ಒಂದು ಕಂಬ, ಅದಕ್ಕೆ ಬಡಿದ ಒಂದು ಮರದ ಪೆಟ್ಟಿಗೆ, ಮೇಲೆ ಒಣನೆಲ ಮಂಡಳಿ ಎಂದು ಬಣ್ಣದಲ್ಲಿ ಬರೆದಿತ್ತು. ಹಿಂದೆ ಮನೆಯಿಲ್ಲ, ಗುಡಿಸಲಿಲ್ಲ, ಕುರುಚಲು ಅಷ್ಟೆ. ಪೆಟ್ಟಿಗೆಯ ಹಿಂಬದಿಗೆ ಬಾಗಿಲಿತ್ತು. ಒಳಗೆ ಏನೂ ಇರಲಿಲ್ಲ. ಮೂಲೆಯಲ್ಲಿ ಚೀಲದಿಂದ ಸೋರಿದ ನಾಲ್ಕು ಕಾಳು ಬಿದ್ದಿದ್ದವು. ಕಾಕಾ ಅವನ್ನು ಆರಿಸಿ ಅಂಗೈಯಲ್ಲಿ ಹಿಡಿದು ನೋಡಿದ. “ನಮ್ಮವಲ್ಲ,” ಎಂದ. ಮತ್ತೆ ಪೆಟ್ಟಿಗೆಯೊಳಗೇ ಇಟ್ಟ.

ವಾಪಸು ಹೊರಟೆವು. ಎರಡನೆಯ ದಿನ ಮಧ್ಯಾಹ್ನ, ನಮ್ಮ ಕೇರಿಯ ಹೊಗೆ ಕಾಣಿಸಿದಾಗ ಕಾಕಾ ಹೇಳಿದ:

“ಹಂಪವ್ವ, ನಿನ್ನ ಕಾಲ ಬೀಳ್ತೀನಿ. ಯಾರಿಗೂ ಹೇಳಬ್ಯಾಡ. ಕಲ್ಲವ್ವಗೂ ಹೇಳಬ್ಯಾಡ.”

ನನಗೆ ನಿಮ್ಮ ಮಾತು ನೆನಪಾಯಿತು.

“ಕಾಕಾ, ಆ ಕಾಗದ ಬರದವ್ರೂ ಇದನ್ನ ಹೇಳ್ಯಾರಲ್ರಿ,” ಎಂದೆ.

ಅವನು ನನ್ನನ್ನು ನೋಡಿದ. ನಿಮ್ಮ ಹತ್ತು ಸಾಲನ್ನು ನಾನು ಬಾಯಿಪಾಠ ಹೇಳಿದೆ. ಒಲೆಯ ಮೇಲೆ ಅನ್ನ ಇದೆ ಎಂಬಲ್ಲಿಯವರೆಗೆ ಹೇಳಿದೆ. ಅವನು ಮತ್ತೊಮ್ಮೆ ಹೇಳಿಸಿದ. “ಆಕಿ ಓಣಿ ತುಂಬ ಹೇಳಿರಬೇಕೇನು?” ಎಂದು ಕೇಳಿದ. “ಹೇಳಿರಬೇಕ್ರಿ,” ಎಂದೆ. ಅದು ನಿಜವೋ ಅಲ್ಲವೋ ನನಗೆ ಗೊತ್ತಿಲ್ಲ, ತಾಯೇ. ನೀವು ಹೇಳಿದ್ದೀರಿ ಎಂದೇ ನಾನು ನಂಬಿದ್ದೇನೆ.

ಮರುದಿನ ಬೆಳಗ್ಗೆ, ಕೇರಿಯವರೆಲ್ಲ ಸಭೆ ಸೇರುವ ಕೂಡುಗಟ್ಟೆಯ ಗಂಟೆ ಮೊಳಗಿತು. ಬೆಂಕಿ ಬಿದ್ದರೆ, ಹಗ್ಗ ಹರಿದರೆ ಮಾತ್ರ ಅದನ್ನು ಬಾರಿಸುತ್ತಾರೆ. ಇಡೀ ಕೇರಿ ಓಡಿ ಬಂತು. ಯಮನಪ್ಪ ಕಾಕಾ ಒಗೆದ ಧೋತರ ಉಟ್ಟು ಗಂಟೆಯ ಹಗ್ಗ ಹಿಡಿದು ನಿಂತಿದ್ದ.

“ಬೆಂಕಿ ಬಿದ್ದಿಲ್ಲ,” ಎಂದ. “ನಾ ಮೋಸ ಹೋಗೇನಿ. ಹ್ಯಾಂಗ ಹೋದೆ ಅನ್ನೂದನ್ನ ಓದಿ ಹೇಳ್ತೀನಿ, ಕೇಳ್ರಿ.”

ಮೂರೂ ಓಲೆಗಳನ್ನು ಓದಿದ. ತಾಯಿಬೀಜ ಕೊಟ್ಟೆ ಎಂದಾಗ ಹೆಂಗಸರ ಕಡೆಯಿಂದ ಒಂದು ನಿಟ್ಟುಸಿರು ಬಂತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಕಾಕಾ ಓದುವುದು ನಿಲ್ಲಿಸಲಿಲ್ಲ. ಬಾವಿಯ ವಿಷಯ ಹೇಳಿದ, ಮುದುಕಿಯ ಮಾತು ಹೇಳಿದ. ಮುಗಿಸಿ ಕಾಗದವನ್ನು ಕಟ್ಟೆಯ ಮೇಲೆ ಹಾಸಿ, ಹಾರಿಹೋಗದಂತೆ ಮೇಲೆ ಒಂದು ಕಲ್ಲಿಟ್ಟ.

ದ್ಯಾಮಕ್ಕ ಮುಂದೆ ಬಂದು ತನ್ನದನ್ನು ಅದರ ಪಕ್ಕದಲ್ಲಿಟ್ಟಳು. ನಂತರ ಒಬ್ಬ ಗಂಡಸು ತನ್ನ ಮನೆಯ ಕಡೆ ನಡೆದ. ಇನ್ನೊಬ್ಬಳು ಹೋದಳು. ನಕ್ಕವನೂ ಹೋದ. ಒಬ್ಬೊಬ್ಬರಾಗಿ ಹಿಂದಿರುಗಿ, ಸೆರಗಿನಿಂದ, ಟೊಪ್ಪಿಗೆಯ ಒಳಗಿನಿಂದ, ರೊಟ್ಟಿ ಬುಟ್ಟಿಯಿಂದ ಮಡಿಚಿದ ಕಾಗದ ತೆಗೆದು ಸಾಲಾಗಿ ಇಡತೊಡಗಿದರು. ಎಲ್ಲ ಇಟ್ಟು ಮುಗಿದಾಗ ಹದಿನೇಳು ಇದ್ದವು. ಹದಿನೇಳು ಕಾಗದ, ಒಂದೇ ಸಹಿ. ಪ್ರತಿಯೊಂದರಲ್ಲೂ ‘ತಮ್ಮ ಹೆಸರೊಂದೇ’. ಒಂದೇ ನೆಲ, ಒಂದೇ ಬಾವಿ. ಆರು ತಿಂಗಳಿಂದ ಹದಿನೇಳು ಮನೆಗಳು ಪಕ್ಕಪಕ್ಕದಲ್ಲೇ ಇದ್ದು, ದಿನಾ ಒಬ್ಬರಿಂದೊಬ್ಬರು ಉಪ್ಪು ಬೆಂಕಿ ಇಸಿದುಕೊಂಡು, ಆ ಬಾವಿಯನ್ನು ಪರಸ್ಪರ ಮುಚ್ಚಿಟ್ಟಿದ್ದವು.

ಜನ ಆ ಸಾಲಿನ ಉದ್ದಕ್ಕೂ ನಡೆದು ಒಂದೊಂದನ್ನೂ ಓದಿದರು. ನನಗೆ ಆ ಹೊತ್ತು ಎರಡು ಅಚ್ಚರಿ. ಒಂದು ಸುಳ್ಳು ಎಷ್ಟು ಸಣ್ಣ ಜಾಗದಲ್ಲಿ ಎಷ್ಟು ದೊಡ್ಡದಾಗಿ ಬೆಳೆದಿತ್ತು ಎಂಬುದು ಒಂದು. ಒಬ್ಬ ಮುದುಕ ಬಾಯಿ ಬಿಟ್ಟ ಕೂಡಲೇ ಅದು ಒಂದು ಬೆಳಗಿನಲ್ಲಿ ಹೇಗೆ ಬತ್ತಿ ಹೋಯಿತು ಎಂಬುದು ಇನ್ನೊಂದು.

ಆಮೇಲೆ ನಾನೂ ಎದ್ದು ನಿಂತು, ಆ ಓಲೆಗಳಲ್ಲಿ ಒಂದೊಂದನ್ನೂ ನಾನೇ ತಂದುಕೊಟ್ಟೆ ಎಂದು ಹೇಳಿದೆ. ಹೇಳುವ ಅಗತ್ಯವಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಬೀಜ ಒಯ್ದವರು ಸಿಗಲಿಲ್ಲ. ಕೇರಿಯಿಂದ ಹೋದ ಎಂಟು ಮಂದಿಗೆ ಕಂಬ ಮಾತ್ರ ಕಂಡಿತು, ಪೆಟ್ಟಿಗೆ ಇರಲಿಲ್ಲ. ಕೆಳಗಿನ ಸಂತೆಯೊಂದರಲ್ಲಿ ಗುಂಡುತೆನೆ ಹಿಟ್ಟನ್ನು ಮಾರಿದ್ದರೆಂಬ ಸುದ್ದಿ ಬಂತು. ತಾಯಿಬೀಜವನ್ನೂ ಬೀಸಿಬಿಟ್ಟಿದ್ದರು. ಆ ಸುದ್ದಿಯನ್ನು ಕಾಕಾನಿಗೆ ಹೇಳಲು ಯಾರಿಗೂ ಬಾಯಿ ಬರಲಿಲ್ಲ, ಕೊನೆಗೆ ದ್ಯಾಮಕ್ಕ ಹೇಳಿದಳು. ಅವನು ಅವತ್ತು ಒಲೆ ಹಚ್ಚಲಿಲ್ಲ.

ಕಲ್ಲವ್ವನಿಗೆ ಸುದ್ದಿ ಮುಟ್ಟಿದ ಎಂಟನೆಯ ದಿನ ಅವಳೇ ದೋಣಿ ನಡೆಸಿಕೊಂಡು ಬಂದಳು. ಬಂದವಳು ಅಪ್ಪನ ಮುಂದೆ ಕೂತು ಸೆರಗಿನ ಗಂಟು ಬಿಚ್ಚಿದಳು. ಮದುವೆಯ ದಿನ ಅವಳ ಉಡಿ ತುಂಬಿದ ಗುಂಡುತೆನೆ ಜೋಳ, ಒಂದು ಹಿಡಿ. ಖರ್ಚು ಮಾಡದೆ ಹಾಗೇ ಇಟ್ಟಿದ್ದಳು.

“ಬೈತಿ ಅಂದಕೊಂಡಿದ್ದೆ,” ಎಂದ ಕಾಕಾ.

“ಬೈಯಾಕ ಬಂದಿದ್ದೆ ಯಪ್ಪಾ,” ಎಂದಳು ಅವಳು. “ಗಂಟಿ ಬಾರಿಸಿದ್ದು ಕೇಳಿ ಬಿಟ್ಟೆ.”

ಅರ್ಧ ಹಿಡಿ ಅವನು ಇಟ್ಟುಕೊಂಡ, ಅರ್ಧ ಅವಳ ಕೈಯಲ್ಲೇ ವಾಪಸು ಕಳಿಸಿದ. ಒಂದೇ ಕಡೆ ಇರಬಾರದೆಂದು.

ಇಷ್ಟಕ್ಕೆ ಮುಗಿಯಲಿಲ್ಲ. ಬೀಜಕ್ಕಿಂತ ದೊಡ್ಡ ನಷ್ಟ ಬೇರೆಯಿತ್ತು. ಆ ದಿನದಿಂದ ಹನ್ನೊಂದು ತಿಂಗಳು ನಮ್ಮ ಕೇರಿಯಲ್ಲಿ ಯಾರೂ ನನ್ನ ಕೈಯಿಂದ ಓಲೆ ತೆಗೆದುಕೊಳ್ಳಲಿಲ್ಲ. ನನ್ನನ್ನು ಬೈಯಲಿಲ್ಲ, ಕೂರಿಸಿ ನೀರು ಕೊಡುತ್ತಿದ್ದರು. ಕಾಗದ ಚಾಚಿದರೆ ಕೈ ಹಿಂದಕ್ಕೆ ಹೋಗುತ್ತಿತ್ತು. ಹೆರಿಗೆಯ ಸುದ್ದಿ, ಸಾವಿನ ಸುದ್ದಿ, ಎಲ್ಲ ಒಡೆಯದೆ ವಾಪಸು ಹೋದವು. ತಮ್ಮ ತೀರಿಕೊಂಡದ್ದು ಒಬ್ಬನಿಗೆ ಐದು ತಿಂಗಳ ಮೇಲೆ ತಿಳಿಯಿತು. ಆಗ ನನಗೆ ನಿಮ್ಮ ಕಾಲ ನಿಜವಾಗಿ ಕಣ್ಣಿಗೆ ಕಟ್ಟಿತು. ನಿಮ್ಮ ಡಬ್ಬಿಯ ನಂತರ ಸಿಕ್ಕ ಬೇರೆ ಕಾಗದಗಳನ್ನೂ ಓದಿದೆ. ನಿಮಗೆ ಇಂಥ ಸುಳ್ಳು ವರ್ಷಕ್ಕೊಂದಲ್ಲ, ದಿನಕ್ಕೆ ಹತ್ತು ಬರುತ್ತಿತ್ತಂತೆ: ಕಾಗದದಲ್ಲಿ, ದನಿಯಲ್ಲಿ, ಅಂಗೈಯಲ್ಲಿ ಹಿಡಿದ ಗಾಜಿನಲ್ಲಿ. ಆದರೂ ನೀವು ಬೆಳಗ್ಗೆದ್ದು ಬಾಗಿಲಿಗೆ ಬಂದ ಕಾಗದವನ್ನು ಒಡೆದು ನೋಡುತ್ತಿದ್ದಿರಿ. ಮದುವೆಗೆ ಕರೆದರೆ ಹೋಗುತ್ತಿದ್ದಿರಿ. ಒಂದೇ ಸುಳ್ಳಿಗೆ ನಾವು ಕೈ ಹಿಂದಕ್ಕೆಳೆದುಕೊಂಡೆವು. ಅಷ್ಟು ಸುಳ್ಳುಗಳ ನಡುವೆ ನೀವು ಕೈ ಚಾಚಿಯೇ ಇದ್ದಿರಿ. ನಮ್ಮಲ್ಲಿ ನಕ್ಷತ್ರ ನೋಡಿ ದಾರಿ ಹೇಳುವವರಿದ್ದಾರೆ, ಮುಳುಗಿದ ಊರಿನ ತಳ ಮುಟ್ಟಿ ಬರುವವರಿದ್ದಾರೆ. ಅವರ ಯಾರ ಧೈರ್ಯವೂ ನನಗೆ ಇದರಷ್ಟು ದೊಡ್ಡದಾಗಿ ಕಂಡಿಲ್ಲ.

ಓಲೆಮನೆಯವರು ಕೂತು ಆಣೆಗೆ ಒಂದು ಮಾತು ಸೇರಿಸಿದರು: ‘ಅನುಮಾನ ಬಂದರೆ ಕಂಡದ್ದನ್ನು ಹೇಳುತ್ತೇನೆ.’ ಗುರುತಿಲ್ಲದವರ ಓಲೆಯನ್ನು ಇನ್ನೊಬ್ಬರು ಹತ್ತಿರ ಇದ್ದಾಗಲೇ ಒಡೆಯಬೇಕೆಂದು ಕೇರಿಯೂ ಕಟ್ಟಳೆ ಮಾಡಿತು. ಆದರೆ ಕಟ್ಟಳೆ ಮಾಡಿದರೆ ಸಾಲದು, ಯಾರಾದರೂ ಮೊದಲು ಕೈ ಚಾಚಬೇಕಲ್ಲ.

ಕಳೆದ ಸುಗ್ಗಿಯಲ್ಲಿ ಕಲ್ಲವ್ವನ ಒಂದು ಓಲೆ ತಂದಿದ್ದೆ. ತೆಗೆದುಕೊಳ್ಳಲಾರನೆಂದು ಗೊತ್ತಿದ್ದೂ ಕಾಕಾನ ತೆಪ್ಪದ ಪಕ್ಕ ದೋಣಿ ನಿಲ್ಲಿಸಿದೆ. ಅವನು ಹಲಗೆ ಹೆರೆಯುತ್ತಿದ್ದ. ಕೈ ಒರೆಸಿಕೊಂಡ. ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ಮಗಳ ಅಕ್ಷರ ನೋಡಿದ. ಆಮೇಲೆ ಪಕ್ಕದ ಮನೆಗಳ ಕಡೆ ತಿರುಗಿ ಕರೆದ:

“ಯಾರರ ಇಬ್ಬರು ಬರ್ರಿ. ನನಗೊಂದ ಕಾಗದ ಬಂದೈತಿ, ಒಡೀಬೇಕು.”

ಹನ್ನೆರಡು ಮಂದಿ ಬಂದರು. ಅವನು ಗಟ್ಟಿಯಾಗಿ ಓದಿದ. ಅರ್ಧ ಹಿಡಿ ಬೀಜ ಹುಟ್ಟಿದೆ, ಮೊದಲ ತೆನೆ ಮುಷ್ಟಿಯಷ್ಟಾಗಿದೆ, ನಿನ್ನ ಮೊಮ್ಮಗಳಿಗೆ ಹಲ್ಲು ಬಂದಿದೆ ಎಂದಿತ್ತು. ಹಲ್ಲು ಬಂದಿದೆ ಎಂಬ ಸಾಲನ್ನು ಎರಡು ಸಲ ಓದಿಸಿದರು. ಮಾರನೆಯ ವಾರ ದ್ಯಾಮಕ್ಕ ಕೈ ಚಾಚಿದಳು.

ನಿಮ್ಮಲ್ಲಿ ಒಂದು ಕೋರಿಕೆಯಿದೆ. ನಿಮಗೆ ಸುಳ್ಳನ್ನು ಗುರುತಿಸುವ ಕಣ್ಣಿದೆ, ಅದನ್ನು ನಾನು ಹೇಳಿಕೊಡಬೇಕಾಗಿಲ್ಲ. ಆದರೆ ನಿಮ್ಮ ಓಣಿಯಲ್ಲಿ ಯಾರಾದರೂ ಆಗಲೇ ಮೋಸ ಹೋಗಿ, ಅದನ್ನು ಹೇಳಲಾರದೆ ನಿಮ್ಮ ಬಾಗಿಲಲ್ಲಿ ನಿಂತರೆ, ‘ಅಷ್ಟೂ ಗೊತ್ತಾಗಲಿಲ್ಲವೇ’ ಎಂದು ಕೇಳಬೇಡಿ. ಒಳಗೆ ಕರೆದು ಕೂರಿಸಿ. ಅವರು ಪೂರ್ತಿ ಹೇಳಿ ಮುಗಿಸುವವರೆಗೆ ನಗಬೇಡಿ. ಅವರ ಹಿಂದೆ ಇನ್ನೂ ಹದಿನಾರು ಮನೆಗಳು ಬಾಗಿಲು ಹಾಕಿಕೊಂಡು ಕೂತಿರುತ್ತವೆ, ಈ ಒಬ್ಬರಿಗೆ ಏನಾಗುತ್ತದೆಂದು ನೋಡುತ್ತ.

ದೋಣಿಯಲ್ಲಿ ಇವತ್ತು ಮೂವತ್ತೊಂದು ಓಲೆಗಳಿವೆ. ಪಡುವಣ ಗಾಳಿ ಎದ್ದಿದೆ, ಮಧ್ಯಾಹ್ನದ ಒಳಗೆ ಆಚೆ ದಡ ಮುಟ್ಟಬೇಕು. ಹೊರಡುತ್ತೇನೆ, ತಾಯೇ.

ಹಂಪವ್ವ